ತಾರಸಿಯ ಮೇಲಿನ ತನಿಖೆ

ನಾನು ತಮಿಳು ಮಾತಾಡಿದರೆ ನೀವು ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತೀರಿ. ತರಕಾರಿ ಗಾಡಿಯವನೂ ನಗುತ್ತಾನೆ. “ಏನಮ್ಮಾ, ರೇಡಿಯೋದಲ್ಲಿ ವಾರ್ತೆ ಓದ್ತಾ ಇದ್ದೀರಾ?” ಎಂದು ಅವನು ಕೇಳಿದ್ದು ನಿಮಗೆ ನೆನಪಿರಬಹುದು. ಇಷ್ಟು ಕಾಲ ಇದೇ ಊರಲ್ಲಿದ್ದೂ ಅಜ್ಜಿಯ ತಮಿಳು ಯಾಕೆ ಹೀಗೆ ಪುಸ್ತಕದ ಹಾಗಿದೆ ಎಂದು ನಿಮ್ಮಲ್ಲಿ ದೊಡ್ಡವಳು ಹೋದ ವಾರ ಕೇಳಿದಳು. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದ ಕೆಲಸ. ನಾಲ್ಕು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ತಡವರಿಸಿದರೆ ನಿಮ್ಮಮ್ಮ ಓದಿ ಹೇಳುತ್ತಾಳೆ.

ನನಗೆ ತಮಿಳು ಕಲಿಸಿದವನು ಒಬ್ಬ ಬಿಳಿಯ ವಿದೇಶಿ. ಅವನು ಗೂಢಚಾರನಿರಬೇಕು ಎಂದು ಆಮೇಲೆ ಜನ ಹೇಳಿದರು.

ನಾನು ಮದುವೆಯಾಗಿ ಈ ಊರಿನ ವಡಪಳನಿ ಬಡಾವಣೆಗೆ ಬಂದಾಗ ನಿಮ್ಮ ತಾತನಿಗೆ ಎಗ್ಮೋರಿನ ರೈಲ್ವೆ ಕಚೇರಿಯಲ್ಲಿ ಕೆಲಸ. ನಮ್ಮೂರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೆ, ಅಷ್ಟೆ. ಈ ಮನೆಯ ಕೆಳಗಿನ ಪೋರ್ಷನ್ ನಮಗೆ ಬಾಡಿಗೆಗೆ ಸಿಕ್ಕಿತ್ತು. ಮೇಲೆ ಮನೆಯ ಯಜಮಾನರು. ಆಗ ಅವರು ಪಾರ್ಲಿಮೆಂಟ್ ಮೆಂಬರು. ದೆಹಲಿಯಲ್ಲಿ ಸಭೆ ಇಲ್ಲದಾಗ ಇಲ್ಲಿಗೆ ಬಂದಿರುತ್ತಿದ್ದರು. ಎಲ್ಲರೂ ಅವರನ್ನು ಅಯ್ಯಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ; ಅಂದರೆ ಮನಸ್ಸಿನಲ್ಲಿ. ಎದುರಿಗೆ ನಾನು ಕರೆದದ್ದೇ ಕಡಿಮೆ.

ಒಂದು ದಿನ ಅಯ್ಯಾನ ಹೆಂಡತಿ ಕೆಳಗೆ ಬಂದು ನಿಮ್ಮ ತಾತನ ಹತ್ತಿರ ಏನೋ ಹೇಳಿದರು. ಇವರು ನನಗೆ ಕನ್ನಡದಲ್ಲಿ ತಿಳಿಸಿದರು: “ಮೇಲೆ ಒಬ್ಬ ವಿದೇಶಿ ಊಟಕ್ಕೆ ಬರ್ತಾನಂತೆ. ಮೇಲಿನ ಅಮ್ಮ ಗಂಡಸರ ಮುಂದೆ ಬಂದು ಬಡಿಸೋದಿಲ್ಲ. ನೀನು ಬಡಿಸಿಕೊಡಬೇಕಂತೆ.”

“ನಾನಾ? ನನಗೂ ನಾಚಿಕೆ ಆಗತ್ತೆ.”

“ನಿನಗೆ ತಮಿಳು ಬರೋಲ್ಲ, ಅಲ್ಲಿ ಆಡಿದ ಮಾತು ನಿನ್ನ ಕಿವಿಗೆ ಬಿದ್ದರೂ ಹೊರಗೆ ಹೋಗೋಲ್ಲ, ಅದಕ್ಕೇ ನೀನೇ ಸರಿ ಅಂತಾರೆ.”

ಹಾಗೆ ನಾನು ಬಡಿಸಲು ಹೋದೆ. ತಲೆ ಬಗ್ಗಿಸಿಕೊಂಡು ಸಾಂಬಾರಿನ ಪಾತ್ರೆ ಹಿಡಿದು ನಿಂತಿದ್ದೆ. ಅಯ್ಯಾ ಆಡುತ್ತಿದ್ದ ತಮಿಳು ಗಿರಣಿಯಲ್ಲಿ ಹಿಟ್ಟು ಬಿದ್ದಂತೆ ಒಂದೇ ಸಮನೆ ಬೀಳುತ್ತಿತ್ತು, ಒಂದಕ್ಷರ ತಿಳಿಯಲಿಲ್ಲ. ಆಮೇಲೆ ಆ ವಿದೇಶಿ ಬಾಯಿ ತೆರೆದ. ಅವನೂ ತಮಿಳೇ ಆಡಿದ. ಎಲ್ಲೋ ಪುಸ್ತಕದಿಂದ ಕಲಿತದ್ದು. ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ, ಮುತ್ತು ಎಣಿಸಿ ಇಟ್ಟಂತೆ ಇಡುತ್ತಿದ್ದ. ಹಾಗೆ ಬಿಡಿಸಿ ಕೇಳಿದಾಗ ಎಷ್ಟೋ ಮಾತು ಕನ್ನಡದಂತೆಯೇ ಇತ್ತು, ನನಗೆ ಅರ್ಥವಾಗತೊಡಗಿತು. ಈ ಊರಿಗೆ ಬಂದು ತಿಂಗಳುಗಳಾದ ಮೇಲೆ ನನಗೆ ತಿಳಿದ ಮೊದಲ ತಮಿಳು ಅದು.

ಅವನು ಆಗಾಗ ಬರುತ್ತಿದ್ದ. ಅವನು ಬರುವ ದಿನ ನನಗೆ ಒಳಗೊಳಗೇ ಖುಷಿ. ಅವನು ಆಡಿದ ವಾಕ್ಯಗಳನ್ನು ತಲೆಯಲ್ಲಿ ಕಟ್ಟಿಕೊಂಡು ಕೆಳಗೆ ಬಂದು, ಪಾತ್ರೆ ತೊಳೆಯುತ್ತಾ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ತಿಳಿಯದ ಮಾತು ಬಂದರೆ ನಿಮ್ಮ ತಾತನನ್ನು ಕೇಳುತ್ತಿದ್ದೆ. ಒಮ್ಮೆ “ತುರೈಮುಗಂ ಅಂದರೇನು?” ಎಂದೆ. “ಬಂದರು ಕಣೇ. ಪ್ಯಾರೀಸ್ ಕಾರ್ನರ್ ಆಚೆ ಹಡಗು ನಿಲ್ಲೋ ಜಾಗ. ಆ ಮಾತು ನಿನಗೆಲ್ಲಿ ಸಿಕ್ಕಿತು?” ಎಂದರು. ಬಡಿಸುವಾಗ ಸಿಕ್ಕಿತು ಎಂದೆ. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟೆವು.

ಸ್ವಲ್ಪ ಕಾಲಕ್ಕೆ ಅವನು ಬರುವುದು ನಿಂತಿತು. ಅಯ್ಯಾ ಮುಂದಿನ ಚುನಾವಣೆಯಲ್ಲಿ ಸೋತರು. ಮತ್ತೆ ಯಾರೂ ಅವರಿಗೆ ಟಿಕೆಟ್ ಕೊಡಲಿಲ್ಲ. ಅವರ ಹೆಂಡತಿ ತೀರಿಕೊಂಡರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಿಮ್ಮ ತಾತನೂ ಹೋದರು. ಊರಿಗೆ ಬಾ ಎಂದು ಅಣ್ಣ ಕರೆದ. ನಾನು ಈ ಪೋರ್ಷನ್ನಿನಲ್ಲೇ ಉಳಿದೆ. ಅಯ್ಯಾ ಬಾಡಿಗೆಯ ಮಾತೇ ಎತ್ತದೆ, “ಇರಮ್ಮಾ, ಎಲ್ಲಿಗೆ ಹೋಗ್ತೀರಿ” ಎಂದಿದ್ದರು.

ಅದಾಗಿ ಕೆಲವು ವರ್ಷಕ್ಕೆ, ದೊಡ್ಡವಳು ತೊಟ್ಟಿಲಲ್ಲಿದ್ದಾಗ, ದೆಹಲಿಯಲ್ಲಿ ಗಲಾಟೆ ಎದ್ದಿತು. ಹಿಂದಿನ ಕಾಲದಲ್ಲಿ ನಮ್ಮ ರಾಜಕಾರಣಿಗಳಲ್ಲಿ ಕೆಲವರು ವಿದೇಶದ ಗೂಢಚಾರರ ಕೈಯಲ್ಲಿದ್ದರು, ಇಲ್ಲಿಯ ಸುದ್ದಿಯನ್ನು ಅವರಿಗೆ ಕೊಟ್ಟರು ಎಂದು ಯಾರೋ ಬರೆದಿದ್ದರಂತೆ. ಪಾರ್ಲಿಮೆಂಟಿನಲ್ಲಿ ದಿನವೂ ಕೂಗಾಟ. ತನಿಖೆಗೆ ಸಮಿತಿ ಮಾಡಿ ಎಂದು ಒಂದು ಕಡೆಯವರು, ಎಲ್ಲ ಸುಳ್ಳು ಎಂದು ಇನ್ನೊಂದು ಕಡೆಯವರು. ಟಿ.ವಿ.ಯಲ್ಲಿ ನೋಡಿದರೆ ನಮ್ಮ ಬೀದಿಗೆ ನೀರಿನ ಲಾರಿ ಬಂದಾಗಿನ ಜಗಳದಂತೆಯೇ ಇತ್ತು, ಕೊಡ ಮಾತ್ರ ಇರಲಿಲ್ಲ.

ಆಗ ಒಂದು ತಮಿಳು ವಾರಪತ್ರಿಕೆ ಹೆಸರು ಹೇಳದೆ ಬರೆಯಿತು: ವಡಪಳನಿಯಲ್ಲಿರುವ ಒಬ್ಬ ಮಾಜಿ ಸದಸ್ಯರ ಮನೆಗೂ ಒಬ್ಬ ವಿದೇಶಿ ಬಂದು ಹೋಗುತ್ತಿದ್ದ ಎಂದು. ಬೀದಿಯಲ್ಲಿ ಮಾಜಿ ಸದಸ್ಯರು ಅಂತ ಇದ್ದವರು ಒಬ್ಬರೇ.

ಅಯ್ಯಾನ ಸೊಸೆ ಆ ಪತ್ರಿಕೆಯನ್ನು ತಂದು ನನ್ನ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. “ಅಕ್ಕಾ, ಮಾಮನ ಕಣ್ಣಿಗೆ ಬಿದ್ದರೆ ಎದೆ ಒಡೆದುಬಿಡತ್ತೆ” ಎಂದಳು. ಅಷ್ಟರಲ್ಲಿ ಅಯ್ಯಾ ಕ್ಷೌರದ ಅಂಗಡಿಯಿಂದ ಬಂದರು. ಅಲ್ಲೇ ಓದಿಕೊಂಡು ಬಂದಿದ್ದರು.

“ನೋಡಿದೆಯಾಮ್ಮಾ? ಬರೆದಿದ್ದಾರೆ” ಎಂದರು ಸೊಸೆಗೆ. ಮುಖದಲ್ಲಿ ದುಃಖ ಕಾಣಲಿಲ್ಲ. “ಹೆಸರು ಹಾಕಿಲ್ಲ. ಆದರೆ ಗೊತ್ತಾಗತ್ತೆ ಅಲ್ಲವಾ?”

ಮಾರನೆಯ ದಿನದಿಂದ ಅವರು ಬೆಳಿಗ್ಗೆಯೇ ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ, ಫೋನಿನ ಪಕ್ಕ ಕೂರತೊಡಗಿದರು. ಸೊಸೆ ತನ್ನ ತಾಯಿಯ ಹತ್ತಿರ ಎರಡು ಮಾತು ಹೆಚ್ಚು ಆಡಿದರೆ, “ಸಾಕಮ್ಮಾ, ದೆಹಲಿಯವರು ಕರೆದರೆ ಲೈನು ಸಿಗೋದಿಲ್ಲ” ಎನ್ನುವರು. ಎದುರು ಮನೆಯಲ್ಲಿ ಒಬ್ಬರು ನಿವೃತ್ತ ಬ್ಯಾಂಕಿನವರಿದ್ದರು, ಕರಾವಳಿಯ ಕಡೆಯವರು, ನನ್ನ ಜೊತೆ ಕನ್ನಡ ಆಡುವ ನೆರೆಯವರು ಅವರೊಬ್ಬರೇ. “ಎಂತ ಧೈರ್ಯ ಅಕ್ಕ, ಈ ವಯಸ್ಸಿನಲ್ಲಿ!” ಎಂದು ಅವರು ಮೆಚ್ಚಿಕೊಂಡರು. ನಾನೂ ಧೈರ್ಯವೆಂದೇ ತಿಳಿದಿದ್ದೆ.

ಕೊನೆಗೊಂದು ದಿನ, ಯಾರನ್ನೆಲ್ಲ ವಿಚಾರಿಸಬೇಕು ಎಂದು ಒಬ್ಬ ಸದಸ್ಯ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಹೆಸರುಗಳನ್ನು ಓದಿದ. ಅಯ್ಯಾ ಟಿ.ವಿ.ಯ ಮುಂದೆ ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಅವರ ಹೆಸರು ಅದರಲ್ಲಿ ಇರಲಿಲ್ಲ.

ಸೊಸೆ ಸಂತೋಷದಿಂದ ಕೇಸರಿಬಾತು ಮಾಡಿದಳು. ಬ್ಯಾಂಕಿನವರು ಬಂದು ಕೈ ಕುಲುಕಿದರು. ಅಯ್ಯಾ ಕೇಸರಿಬಾತು ಮುಟ್ಟಲಿಲ್ಲ. ಮಾರನೆಯ ದಿನ ಲುಂಗಿಯಲ್ಲೇ ಮಲಗಿದ್ದರು. ಅದರ ಮಾರನೆಯ ದಿನವೂ. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಒಂದು ವಾರ ಬರೀ ಮಜ್ಜಿಗೆಯಲ್ಲಿ ದಿನ ಕಳೆದಾಗ ಸೊಸೆಗೆ ಭಯವಾಯಿತು. ನಾನು ರಸಂ ತೆಗೆದುಕೊಂಡು ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದವರು ನನ್ನ ಸೌಟಿನ ಸದ್ದು ಕೇಳಿ ಈ ಕಡೆ ತಿರುಗಿದರು.

“ನೀವೇ ಅಲ್ಲವಾಮ್ಮಾ ಆಗ ಬಡಿಸ್ತಾ ಇದ್ದದ್ದು? ಐದು ವರ್ಷ ನಾನು ಪಾರ್ಲಿಮೆಂಟಿನಲ್ಲಿದ್ದೆ. ಒಬ್ಬರಾದರೂ ನನ್ನನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಆ ಬಿಳಿಯ ಒಬ್ಬ ಬರ್ತಿದ್ದ. ಈಗ ನೋಡಿದರೆ ಅವನೂ ಬರೀ ನಮ್ಮ ಮನೆ ಸಾಂಬಾರಿಗೆ ಬರ್ತಿದ್ದನೇನೋ.”

ಅವರ ಸಂಕಟ ಆಗ ನನಗೆ ತಿಳಿಯಿತು. ಉತ್ತರ ನನ್ನ ಹತ್ತಿರ ಇತ್ತು. ಆದರೂ ರಸಂ ಇಟ್ಟು ಬಂದುಬಿಟ್ಟೆ. ಕೆಳಗೆ ಬಂದವಳು ಬ್ಯಾಂಕಿನವರಿಗೆ ಮಾತ್ರ, ಅದೂ ಬಾಗಿಲ ಮರೆಯಿಂದ, “ಅವನು ಏನು ಕೇಳ್ತಿದ್ದ ಅಂತ ನನಗೆ ನೆನಪಿದೆ” ಎಂದೆ.

ಅವರು ಹುಬ್ಬೇರಿಸಿದರು. “ನಿಮಗೆ ಆಗ ತಮಿಳು ಬರ್ತಿತ್ತಾ ಅಕ್ಕ?”

“ಅವನದು ಬರ್ತಿತ್ತು.”

ಬ್ಯಾಂಕಿನವರು ಸುಮ್ಮನಿರುವ ಜನವಲ್ಲ. ಭಾನುವಾರ ಸಂಜೆ ಅಯ್ಯಾನನ್ನು ಎಬ್ಬಿಸಿ ತಾರಸಿಗೆ ಕರೆದುಕೊಂಡು ಬಂದರು. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. “ದೆಹಲಿಯವರು ಮಾಡದಿದ್ದರೆ ಬೇಡ ಮಾರಾಯ್ರೆ, ನಾವೇ ಸಮಿತಿ ಮಾಡುವ. ನಾನು ಅಧ್ಯಕ್ಷ” ಎಂದು ಮೊದಲು ನನಗೆ ಕನ್ನಡದಲ್ಲಿ, ಆಮೇಲೆ ಅವರಿಗೆ ತಮಿಳಿನಲ್ಲಿ ಹೇಳಿದರು.

“ನಾನು ಯಾರು?” ಎಂದಳು ಸೊಸೆ.

“ನೀವು ವಿರೋಧ ಪಕ್ಷ.”

“ಅದನ್ನು ಮದುವೆಯಾದಾಗಿಂದ ಮಾಡ್ತಾನೇ ಇದೀನಲ್ಲ” ಎಂದಳು ಅವಳು. ಅಯ್ಯಾನ ಮೀಸೆ ಸ್ವಲ್ಪ ಅಲುಗಿತು.

“ಸಾಕ್ಷಿ ಎದ್ದು ನಿಲ್ಲಬೇಕು” ಎಂದರು ಬ್ಯಾಂಕಿನವರು. ಅಂದರೆ ನಾನು. ಎದ್ದೆ. ಮೂರೂ ಮುಖ ನನ್ನ ಕಡೆ ತಿರುಗಿತು. ಒಣಗಲು ಹಾಕಿದ್ದ ಸೀರೆಯೊಂದು ತಂತಿಯ ಮೇಲಿತ್ತು. ಮೆಲ್ಲಗೆ ಅದರ ಹಿಂದೆ ಸರಿದು ನಿಂತೆ. ಯಾರ ಮುಖವೂ ಕಾಣದೆ ಹೋದ ಮೇಲೆ ದನಿ ಬಂತು.

“ಅವನು ತುರೈಮುಗದ ವಿಷಯ ಕೇಳ್ತಿದ್ದ” ಎಂದೆ. “ನೀವು ಬಂದರಿನ ಸಮಿತಿಯಲ್ಲಿ ಇದ್ದಿರಂತೆ. ಅಲ್ಲಿ ಎಷ್ಟು ಆಳ ತೋಡ್ತಾರೆ, ಯಾವ ಹಡಗು ಬರ್ತದೆ ಅಂತ ಕೇಳ್ತಿದ್ದ. ಸದಸ್ಯರಿಗೆ ಕೊಡಲ್ಪಟ್ಟ ಕಾಗದಗಳನ್ನು ತಾನು ಒಮ್ಮೆ ಅವಲೋಕಿಸಬಹುದೇ ಅಂದ. ಒಂದು ಸಲ ಅಲ್ಲ, ಬಂದಾಗಲೆಲ್ಲ ಕೇಳಿದ. ಅದಕ್ಕೆ ತಕ್ಕ ಮರ್ಯಾದೆ ತಮಗೆ ಸಲ್ಲಿಸಲ್ಪಡುತ್ತದೆ ಅಂತಲೂ ಹೇಳಿದ.” ಅವನ ತಮಿಳು ಹೀಗೇ ಇರುತ್ತಿತ್ತು, ನಾನು ಕಲಿತ ಹಾಗೇ ಒಪ್ಪಿಸಿದೆ.

ಅಯ್ಯಾ ಕುರ್ಚಿಯ ತುದಿಗೆ ಬಂದದ್ದು ಸೀರೆಯ ಅಂಚಿನ ಕೆಳಗೆ ಅವರ ಪಾದ ನೋಡಿ ತಿಳಿಯಿತು.

“ಮರ್ಯಾದೆ ಅಂದನಾ? ನನಗೆ? ನಿಜ ಹೇಳಿ ಅಮ್ಮಾ.”

“ಅಂದ ಅಯ್ಯಾ.” ಅಯ್ಯಾ ಎಂದು ಗಟ್ಟಿಯಾಗಿ ಕರೆದದ್ದು ಅದೇ ಮೊದಲಿರಬೇಕು.

“ಹಾಗಾದರೆ ಮಾಮ ಏನು ಉತ್ತರ ಕೊಟ್ಟರು?” ಸೊಸೆಯ ದನಿಯಲ್ಲಿ ಆಟ ಹೋಗಿಬಿಟ್ಟಿತ್ತು.

ಇಲ್ಲಿ ನಾನು ತಡೆದೆ. ಅರ್ಧ ಹೇಳಿದರೆ ಅವರಿಗೆ ಬೇಕಾದದ್ದು ಸಿಕ್ಕಿಹೋಗುತ್ತಿತ್ತು. ಇನ್ನರ್ಧ ಹೇಳಿದರೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಬಹುದು. ಆದರೆ ಅವರೇ ಕುರ್ಚಿಯಲ್ಲಿ ನೆಟ್ಟಗೆ ಕೂತು, “ಹೇಳಿ, ನಾನು ಏನಂದೆ? ನನಗೆ ನೆನಪೇ ಇಲ್ಲ” ಎಂದರು. ನನಗೆ ಬೇರೆ ದಾರಿ ಇರಲಿಲ್ಲ.

“ನೀವು ಅವನ ಪ್ರಶ್ನೆ ಕೇಳಿಸಿಕೊಳ್ಳಲೇ ಇಲ್ಲ ಅಯ್ಯಾ. ಬಂದರು ಆಮೇಲೆ, ಮೊದಲು ಈ ರೈಲ್ವೆ ಗೇಟಿನ ವಿಷಯ ಕೇಳಿ ಅಂತ ಶುರು ಮಾಡ್ತಿದ್ದಿರಿ. ನಿಮ್ಮ ಕ್ಷೇತ್ರದಲ್ಲಿ ಒಂದು ಗೇಟು ಮುಚ್ಚಿದರೆ ತೆಗೀತಾನೇ ಇರಲಿಲ್ಲವಂತೆ, ಅಲ್ಲಿ ಮೇಲುಸೇತುವೆ ಬೇಕು ಅಂತ ಮಂತ್ರಿಗಳನ್ನು ಕೇಳಿದಿರಂತೆ. ಬಿಸಿಲಲ್ಲಿ ನಿಂತ ಬಸುರಿಯರು, ಶಾಲೆಗೆ ತಡವಾದ ಮಕ್ಕಳು, ಕೊಳೆತ ಬಾಳೆಹಣ್ಣಿನ ಗಾಡಿ, ಎಲ್ಲಾ ಹೇಳ್ತಿದ್ದಿರಿ. ಮಜ್ಜಿಗೆ ಬಡಿಸೋವರೆಗೂ ಗೇಟೇ; ಅದನ್ನೇ ಕೇಳಿ ಕೇಳಿ ನಿಮ್ಮ ತಮಿಳೂ ಅಷ್ಟು ಮಟ್ಟಿಗೆ ನನಗೆ ತಿಳೀತು. ಅವನು ಮಧ್ಯದಲ್ಲಿ ತುರೈಮುಗಂ ಅಂದರೆ, ಇರಿ, ಇನ್ನೂ ಇದೆ ಅಂತಿದ್ದಿರಿ. ಕೊನೇ ಸಲ ಬಂದಾಗ ಅವನು ಏನೂ ಕೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ತಾ ನನ್ನ ಕಡೆ ನೋಡಿ, ‘ತಾಯೇ, ಆ ರೈಲಿನ ಕದವು ಈಗಲಾದರೂ ತೆರೆಯಲ್ಪಟ್ಟಿತೇ?’ ಅಂದ. ನಾನು ಇಲ್ಲ ಅಂತ ತಲೆ ಆಡಿಸಿದೆ. ಮತ್ತೆ ಬರಲಿಲ್ಲ.”

ಬ್ಯಾಂಕಿನವರು ನಗು ತಡೆಯಲು ಕೆಮ್ಮುತ್ತಿದ್ದರು. ನಾನು ಸೀರೆಯನ್ನು ಸ್ವಲ್ಪ ಸರಿಸಿ ನೋಡಿದೆ. ಅಯ್ಯಾ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಎದುರಿನ ನೀರಿನ ಟ್ಯಾಂಕನ್ನು ನೋಡುತ್ತಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ಹೆಗಲು ಕುಲುಕಿತು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

“ಆ ಬಾಳೆಹಣ್ಣಿನ ಗಾಡಿಯದ್ದನ್ನೂ ಹೇಳಿದೆನಾ?”

“ಪ್ರತಿ ಸಲವೂ ಅಯ್ಯಾ.”

“ಪಾಪ, ಅಷ್ಟು ದೂರದಿಂದ ಬಂದಿದ್ದ” ಎಂದರು. ಸೊಸೆ ಮುಖ ಮುಚ್ಚಿಕೊಂಡು, “ಮಾಮಾ, ಅದೇ ಗೇಟಿನ ಕಥೆ ತಾನೇ? ನಾನು ಮದುವೆಯಾಗಿ ಬಂದ ದಿನ ನನಗೂ ಹೇಳಿದಿರಿ” ಎಂದಳು.

ಬ್ಯಾಂಕಿನವರು ಎದ್ದು ನಿಂತು ತೀರ್ಪು ಕೊಟ್ಟರು: “ಸಮಿತಿ ಕಂಡುಕೊಂಡದ್ದು ಏನೆಂದರೆ, ಒಂದು ದೊಡ್ಡ ದೇಶ ಇವರನ್ನು ಒಲಿಸಿಕೊಳ್ಳಲು ಬಂತು. ಇವರು ಅದರ ಕೈಗೆ ಒಂದು ರೈಲ್ವೆ ಗೇಟು ಕೊಟ್ಟು ಕಳಿಸಿದರು.”

“ಬರೆದಿಡಿ” ಎಂದರು ಅಯ್ಯಾ. ಆಮೇಲೆ ಸೊಸೆಯ ಕಡೆ ತಿರುಗಿ, “ಏನಾದರೂ ಇದೆಯಾಮ್ಮಾ ತಿನ್ನೋದಕ್ಕೆ?” ಎಂದರು. ಅವಳು ಓಡಿಹೋಗಿ ಅನ್ನ ಕಲಸಿಕೊಂಡು ಬಂದಳು. ತಾರಸಿಯ ಮೇಲೇ ತಿಂದರು, ಎರಡು ಸಲ ಹಾಕಿಸಿಕೊಂಡು.

ಸೋಮವಾರದಿಂದ ಅವರು ಪಾರ್ಕಿಗೆ ಹೋಗತೊಡಗಿದರು. ಅಲ್ಲಿಯ ಬೆಂಚಿನ ಗೆಳೆಯರಿಗೆ ಇದನ್ನು ಹೇಳಿದ್ದೂ ಹೇಳಿದ್ದೇ. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ವಿದೇಶಿ ಇಬ್ಬರಾಗಿದ್ದರು, ಕಾರು ಉದ್ದವಾಗಿತ್ತು. ಸೊಸೆ ಬೈದಳು: “ಮಾಮಾ, ಯಾರಾದರೂ ಪತ್ರಿಕೆಯವರ ಕಿವಿಗೆ ಬಿದ್ದರೆ ನಿಜವಾಗಿಯೂ ದೆಹಲಿಗೆ ಕರೆಸ್ತಾರೆ.”

“ಕರೆಸಲಿ. ಆದರೆ ನಾನೊಬ್ಬನೇ ಹೋದರೆ ಆಗೋದಿಲ್ಲ, ಕೆಳಗಿನ ಅಮ್ಮನೂ ಬರಬೇಕು” ಎಂದರು ಅಯ್ಯಾ.

ಅಷ್ಟು ದೊಡ್ಡ ಸಭೆ, ಅಷ್ಟು ಗಂಡಸರು. ದೇವಸ್ಥಾನಕ್ಕೆ ಹೋಗಿ ಹಾಗಾಗದಿರಲಿ ಎಂದು ಮುರುಗನಿಗೆ ಕೈ ಮುಗಿದು ಬಂದೆ. ದೆಹಲಿಯವರು ಕರೆಯಲೂ ಇಲ್ಲ, ಅಲ್ಲಿಯ ಗಲಾಟೆಯೂ ತಾನಾಗಿ ತಣ್ಣಗಾಯಿತು.

ಆದರೆ ನಿಮಗೆ ಮಾತ್ರ ಹೇಳುತ್ತೇನೆ. ಕೈ ಮುಗಿದು ಬಂದ ಆ ಸಂಜೆಯೇ ಪೆಟ್ಟಿಗೆ ತೆಗೆದು, ಬೂದು ಬಣ್ಣದ ಮೈಸೂರು ರೇಷ್ಮೆಯನ್ನು ಹೊರಗಿಟ್ಟು, ದೆಹಲಿಯ ಚಳಿಗೆ ಇದು ಸಾಕಾಗುತ್ತದೆಯೇ ಎಂದು ಕನ್ನಡಿಯ ಮುಂದೆ ಹೊದ್ದು ನೋಡಿದೆ.