ಸೊಂಟಕ್ಕೆ ಹಿಡಿದ ರಸಮಟ್ಟ

ನೆಲಕ್ಕೆ ಟೈಲ್ಸ್ ಹಾಕುವವರಲ್ಲಿ ಅವನಿಗೆ ಮಟ್ಟದ ಮೇಸ್ತ್ರಿ ಎಂದೇ ಹೆಸರು. ಬಾಗಿಲಲ್ಲಿ ನಿಂತು ಕಣ್ಣು ಹಾಯಿಸಿದರೆ ಸಾಕು, ಕೂದಲೆಳೆಯಷ್ಟು ಏರುತಗ್ಗನ್ನೂ ಹಿಡಿದುಬಿಡುತ್ತಿದ್ದ. ಬೇರೆಯವರ ಕೆಲಸ ನೋಡಿ ಮೂಗು ಮುರಿಯುವ ಚಟವೂ ಇತ್ತು. ಮನೆಯ ನೆಲವಂತೂ ಅವನ ಪ್ರಾಣ. ಕೋಲಿನ ಮಾಪ್ ಹಾಕಿದರೆ ಹೊಳಪು ಹೋಗುತ್ತದೆಂದು ಹೆಂಡತಿ ಅದನ್ನು ದಿನವೂ ಬಟ್ಟೆಯಲ್ಲೇ ಒರೆಸಬೇಕಿತ್ತು.

ಇಪ್ಪತ್ತಾರು ವರ್ಷ ಮಂಡಿಯೂರಿ ದುಡಿದ ಮೇಲೆ ಬಲಗಾಲಿನ ಮಂಡಿಚಿಪ್ಪು ಮುಷ್ಕರ ಹೂಡಿತು. ಮೆಟ್ಟಿಲಿಳಿಯುವಾಗ ಜೀವ ಬಾಯಿಗೆ ಬರುತ್ತಿತ್ತು. ಮಂಡಿಯೂರದ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ? ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಫಿಸಿಯೋಥೆರಪಿ ಮಾಡುವ ಹುಡುಗಿ ಗುಳಿಗೆ ಕೊಡುವುದು ಬಿಟ್ಟು ಗೇಣೆತ್ತರದ ಮರದ ಪೆಟ್ಟಿಗೆಯೊಂದನ್ನು ತೋರಿಸಿದಳು. ಅದರ ಮೇಲೆ ನೋಯುವ ಕಾಲಲ್ಲಿ ನಿಂತು ಇನ್ನೊಂದನ್ನು ನಿಧಾನವಾಗಿ ನೆಲಕ್ಕಿಳಿಸಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತೊಡೆ, ಸೊಂಟದ ಸ್ನಾಯುಗಳು ಸೋತಿರುವುದರಿಂದ ಭಾರವೆಲ್ಲ ಚಿಪ್ಪಿನ ಮೇಲೆ ಬೀಳುತ್ತಿದೆ ಎಂದಳು. ಮೆಟ್ಟಿಲಿಂದ ಬಂದ ನೋವಿಗೆ ಮೆಟ್ಟಿಲೇ ಮದ್ದಂತೆ ಎಂದು ಇವನು ಒಳಗೊಳಗೇ ನಕ್ಕ. ಆಮೇಲೆ ಅವಳು ಆಡಿದ ಮಾತು ಮಾತ್ರ ನಾಟಿತು.

“ಇಳಿಯೋವಾಗ ನಿಮ್ಮ ಸೊಂಟ ಒಂದು ಕಡೆ ವಾಲ್ತಿದೆ. ಮಟ್ಟವಾಗಿರ್ಬೇಕು.”

ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಮನೆಗೆ ಬಂದವನೇ ಅಂಥದೇ ಪೆಟ್ಟಿಗೆ ಹುಡುಕಿ, ಚೀಲದಿಂದ ನೆಲದ ಮಟ್ಟ ನೋಡುವ ರಸಮಟ್ಟ ತೆಗೆದು, ಅದನ್ನು ಬೆನ್ನ ಹಿಂದೆ ಬೆಲ್ಟಿಗೆ ಆನಿಸಿ ಹಿಡಿಯಲು ಹೆಂಡತಿಗೆ ಕೊಟ್ಟ. ಗಾಜಿನೊಳಗಿನ ಗುಳ್ಳೆ ಗೆರೆ ದಾಟಿದರೆ ಹೇಳಬೇಕು. ಅವಳು ಹಿಂದೆ ಮಂಡಿಯೂರಿ ಕೂತಳು. ಇವನು ಕಾಲಿಳಿಸಿದ. “ಹೋಯ್ತು” ಎಂದಳು. ಹತ್ತಕ್ಕೆ ಹತ್ತೂ ಹೋಯಿತು. ಅವನಿಗೆ ನಾಚಿಕೆಯಾಯಿತು.

ಅಂದಿನಿಂದ ಹಟಕ್ಕೆ ಬಿದ್ದ. ಮೂರು ಹೊತ್ತೂ ಅವಳು ಒಲೆ ಆರಿಸಿ ಬಂದು ಕೂರಬೇಕು. ಗುಳ್ಳೆ ಅಲುಗಿದರೆ ಅವಳ ಕೈಯೇ ನಡುಗಿತೆಂದು ರೇಗುತ್ತಿದ್ದ. ಹನ್ನೊಂದನೇ ವಾರದ ಒಂದು ಸಂಜೆ ಹತ್ತು ಸಲ ಇಳಿಸಿದರೂ ಅವಳು ಒಮ್ಮೆಯೂ “ಹೋಯ್ತು” ಎನ್ನಲಿಲ್ಲ. ಮಂಡಿಯೂ ನೋಯಲಿಲ್ಲ. ಸೋಮವಾರದಿಂದ ಬರುತ್ತೇನೆಂದು ಕಂಟ್ರಾಕ್ಟರಿಗೆ ಫೋನು ಮಾಡಿ, ಹಿಗ್ಗಿನಿಂದ ಹಿಂದಿರುಗಿ ನೋಡಿದ.

ಹೆಂಡತಿ ಇನ್ನೂ ನೆಲದಲ್ಲೇ ಇದ್ದಳು. ಒಂದು ಕೈ ಗೋಡೆಗೆ, ಇನ್ನೊಂದು ಪೆಟ್ಟಿಗೆಗೆ ಕೊಟ್ಟು, ಹಲ್ಲು ಕಚ್ಚಿ ಏಳುತ್ತಿದ್ದಳು.

“ಯಾವಾಗಿಂದ?”

“ನಿಮಗಿಂತ ಮುಂಚಿಂದಾನೇ. ನೆಲ ಒರೆಸೋದೂ ಮಂಡಿ ಊರಿನೇ ಅಲ್ವೇನ್ರೀ?”

ಫಳಫಳ ಹೊಳೆಯುವ ನೆಲವನ್ನು ಅವನಿಗೆ ನೋಡಲಾಗಲಿಲ್ಲ.

ಮರುದಿನ ಅವಳನ್ನೂ ಅದೇ ಹುಡುಗಿಯ ಬಳಿ ಕರೆದೊಯ್ದ. ಬರುವಾಗ ಕೋಲಿನ ಮಾಪ್ ಕೊಂಡ. ಸೋಮವಾರ ಕೆಲಸಕ್ಕೆ ಹೊರಡುವ ಮುಂಚೆ ಅವಳನ್ನು ಪೆಟ್ಟಿಗೆ ಹತ್ತಿಸಿ, ತಾನು ಹಿಂದೆ ಮಂಡಿಯೂರಿ ರಸಮಟ್ಟ ಹಿಡಿದ. ಅವಳು ಕಾಲಿಳಿಸಿದಳು. ಗುಳ್ಳೆ ಓಡಿಹೋಯಿತು.

“ಹೋಯ್ತು,” ಎಂದ. “ಇರ್ಲಿ ಬಿಡು, ನಂದೂ ಹತ್ತಕ್ಕೆ ಹತ್ತೂ ಹೋಗಿತ್ತು.”