ಎರಡು ಕಪ್ಪೆಗಳ ಪಾಪ, ಒಂದು ಬ್ಲಡ್ ರಿಪೋರ್ಟು

ಮೂರನೇ ಗರ್ಭವೂ ನಿಲ್ಲದೆ ಆಸ್ಪತ್ರೆಯಿಂದ ಬಂದು ಇನ್ನೂ ಹತ್ತು ದಿನ ಆಗಿರಲಿಲ್ಲ. ಕಲ್ಯಾಣದುರ್ಗದ ಗಂಡನ ಮನೆಯ ಹಜಾರದಲ್ಲಿ ನನ್ನ ಮೇಲೆ ಕೊಲೆ ಆರೋಪ ಸಾಬೀತಾಯಿತು.

ಸತ್ತವರು: ಎರಡು ಕಪ್ಪೆ.

ನಾನು ಹಿಂದೂಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಜುವಾಲಜಿ ಲೆಕ್ಚರರ್. ಡಿಗ್ರಿಯಲ್ಲಿ ಎರಡು ಕಪ್ಪೆ ಕುಯ್ದಿದ್ದೆ ಅಂತ ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳಿದ್ದು ನನ್ನದೇ ತಪ್ಪು. ಅದನ್ನು ಜೋಪಾನವಾಗಿ ನೆನಪಿಟ್ಟುಕೊಂಡವರು ಪಾರ್ವತತ್ತೆ, ನನ್ನ ಮಾವನ ಅಕ್ಕ. ಮಾವ ತೀರಿಕೊಂಡ ಮೇಲೆ ಆ ಮನೆಯ ಹೈಕೋರ್ಟು ಅವರೇ.

"ಕಪ್ಪ ಪಾಪಂ ಊರಿಕೇ ಪೋದಮ್ಮಾ," ಎಂದರು. ತೀರ್ಪು ಕೊಡುವಾಗ ಅವರು ತೆಲುಗಿಗೆ ಹೋಗುತ್ತಾರೆ. ಆಮೇಲೆ ಕನ್ನಡದಲ್ಲೂ ಓದಿ ಹೇಳಿದರು: "ಕಪ್ಪೆ ಪಾಪ ಸುಮ್ಕೆ ಬಿಡಾಕಿಲ್ಲ ಕಣಮ್ಮ."

ಕಪ್ಪೆ ಎರಡು, ಹೋದ ಗರ್ಭ ಮೂರು, ತಾಳೆಯಾಗುವುದಿಲ್ಲವಲ್ಲ ಅಂದೆ. ಕ್ಷಣವೂ ಯೋಚಿಸದೆ, ಅದರಲ್ಲೊಂದು ಬಸುರಿ ಇದ್ದಿರಬೇಕು ಅಂದರು.

ಇಷ್ಟು ಚುರುಕು ತಲೆ ನನ್ನ ಕ್ಲಾಸಿನಲ್ಲಿ ಒಂದೂ ಇಲ್ಲ...

ಬೆಳ್ಳಿ ಕಪ್ಪೆ ಮಾಡಿಸಿ, ಪೂಜೆ ಮಾಡಿ, ದಾನ ಕೊಟ್ಟದ್ದಾಯಿತು. ಅಕ್ಕಸಾಲಿಗನಿಗೆ ಕಪ್ಪೆ ಮಾಡಿ ಅಭ್ಯಾಸವಿರಲಿಲ್ಲ. ಅದು ನೋಡಲು ಆಮೆಯಂತಿತ್ತು. ಯಾವ ಪಾಪ ಪರಿಹಾರವಾಯಿತೋ ನನಗಂತೂ ಗೊತ್ತಿಲ್ಲ.

ಇಷ್ಟೂ ನಡೆಯುವಾಗ ಗಂಡ ರುದ್ರೇಶ ಪಕ್ಕದಲ್ಲೇ ಕೂತಿದ್ದ. ಹಿಂದೂಪುರದ ಹುಣಸೆ ಮಂಡಿಯಲ್ಲಿ ಅವನ ದನಿ ಬೀದಿಯ ಕೊನೆಗೂ ಕೇಳುತ್ತದೆ. ಕಲ್ಯಾಣದುರ್ಗದ ಹೊಸಿಲು ದಾಟಿದರೆ ಮಾತ್ರ ಅದು ಎಲ್ಲಿ ಹೋಗುತ್ತದೋ! ಇನ್ನು ನನ್ನ ಅತ್ತೆ, ಅವನ ತಾಯಿ, ಮೊದಲಿನಿಂದಲೂ ಮಾತಿಲ್ಲದವರು. ಕಾಫಿ ತಂದಿಡುತ್ತಾರೆ, ಒಳಗೆ ಹೋಗುತ್ತಾರೆ.

ಕೊನೆಗೆ ಬೆಂಗಳೂರಿನ ಒಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಇಬ್ಬರ ರಕ್ತವನ್ನೂ ಕೇಳಿದರು.

ಆ ರಕ್ತದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುತ್ತಾರೆ. ಒಂದು ಕೋಶ ಎರಡಾಗುವ ದಾರಿಯಲ್ಲಿ, ವರ್ಣತಂತುಗಳೆಲ್ಲ ನಡುವೆ ಬಂದು ಸಾಲಾಗಿ ನಿಲ್ಲುವ ಮೆಟಾಫೇಸ್ ಹಂತದಲ್ಲಿ ತಡೆದು ಫೋಟೋ ತೆಗೆಯುತ್ತಾರೆ.

ವರ್ಷಾ ವರ್ಷ ಬೋರ್ಡಿನ ಮೇಲೆ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂದು ಬರೆದು ಅಳಿಸಿದವಳು ನಾನು. ಮೂರು ಸಲ ಕಳೆದುಕೊಂಡರೂ ಇಂಥದ್ದೊಂದು ಪರೀಕ್ಷೆ ಮಾಡಿಸಬೇಕೆಂದು ನನಗೆ ಹೊಳೆಯಲಿಲ್ಲ. ಬೆಳ್ಳಿ ಕಪ್ಪೆಗೆ ಅರಿಶಿನ ಕುಂಕುಮ ಹಚ್ಚುವುದು ಮಾತ್ರ ತಪ್ಪಿಸಲಿಲ್ಲ. ಲೆಕ್ಚರರ್ ಅಂತೆ ಲೆಕ್ಚರರ್.

ಕೆಲವು ವಾರಕ್ಕೆ ರಿಪೋರ್ಟ್ ಬಂತು. ನನ್ನದು ನಾರ್ಮಲ್. ರುದ್ರೇಶನದರಲ್ಲಿ ಎರಡು ವರ್ಣತಂತುಗಳ ತುದಿಗಳು ಅದಲುಬದಲಾಗಿ, ಒಂದರದು ಇನ್ನೊಂದಕ್ಕೆ ಅಂಟಿಕೊಂಡಿದ್ದವು.

ಅದರಿಂದ ಅವನ ಆರೋಗ್ಯಕ್ಕೇನೂ ತೊಂದರೆಯಿಲ್ಲ ಎಂದರು ಡಾಕ್ಟರ್. ಆದರೆ ವೀರ್ಯಾಣು ತಯಾರಾಗುವ ಮಿಯಾಸಿಸ್‌ನಲ್ಲಿ, ಜೋಡಿಗಳು ಬೇರೆಯಾಗಿ ಎರಡು ಕಡೆ ಸರಿಯುವ ಹೊತ್ತಿಗೆ, ಕೆಲವು ಸಲ ಹಂಚಿಕೆ ತಪ್ಪುತ್ತದೆ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ. ಅಂಥದ್ದರಿಂದ ಆದ ಗರ್ಭ ಹೆಚ್ಚಾಗಿ ನಿಲ್ಲುವುದಿಲ್ಲ. ಸರಿಯಾಗಿ ಹಂಚಿಕೆಯಾದ ಸಲ ಮಗು ಚೆನ್ನಾಗಿಯೇ ಹುಟ್ಟಬಹುದು. ಯಾರ ತಪ್ಪೂ ಅಲ್ಲ.

ನಿಮ್ಮ ತಾಯಿಗೂ ಹೀಗೆ ಗರ್ಭ ಹೋಗಿತ್ತಾ ಎಂದು ರುದ್ರೇಶನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನನಗೂ.

ಭಾನುವಾರ ಕಲ್ಯಾಣದುರ್ಗಕ್ಕೆ ಹೋದೆವು. ಅವನೇ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದ, ಮೂರೇ ಇದ್ದರೂ. ನಾನೇ ಹೇಳಿದೆ.

"ಗಂಡಸ್ರಿಗೆ ಇಂಥವೆಲ್ಲ ಬರಾಕಿಲ್ಲ ಕಣಮ್ಮ," ಎಂದರು ಪಾರ್ವತತ್ತೆ. "ರಕ್ತದ ಸೀಸೆ ಅದ್ಲುಬದ್ಲು ಮಾಡ್ಬುಟ್ಟವ್ರೆ."

ಆಮೇಲೆ, ಹಾಗೇನಾದರೂ ಇದ್ದರೂ ಅದು ದೇವರು ಬರೆದದ್ದು, ಅದಕ್ಕೆ ಯಾರನ್ನೂ ಅನ್ನಬಾರದು ಎಂದರು.

ನನ್ನದಾಗಿದ್ದಾಗ ಪಾಪ. ಅವನದಾದ ಕೂಡಲೇ ಹಣೆಬರಹ. ಅಷ್ಟರಲ್ಲಿ ಎದುರಿಗಿದ್ದ ಕಾಫಿ ಕೂಡ ಆರಿರಲಿಲ್ಲ!

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ತೆರೆದರು. ದನಿ ಏರಿಸಲಿಲ್ಲ.

"ರುದ್ರೇಶಂಗೂ ಮುಂಚೆ ನಂಗೆ ನಾಕು ಹೋದ್ವು. ನಾನು ಇಸ್ಕೂಲ್ ಮೆಟ್ಲೂ ಹತ್ದೋಳಲ್ಲ, ಯಾವ್ ಕಪ್ಪೇನೂ ಕುಯ್ದೋಳಲ್ಲ. ಆವಾಗ್ಲೂ ನೀವು ನಂದೇ ಪಾಪ ಅಂದ್ರಿ, ಅತ್ಗೆಮ್ಮ."

ರುದ್ರೇಶ ಫ್ಯಾನು ಬಿಟ್ಟು ತಾಯಿಯ ಮುಖ ನೋಡಿದ. ಅವನಿಗೆ ಮೂವತ್ತನಾಲ್ಕು ವರ್ಷ. ತನಗಿಂತ ಮುಂಚೆ ನಾಲ್ಕು ಇದ್ದವು ಎಂಬುದು ಅವನಿಗೆ ಅವತ್ತೇ ಗೊತ್ತಾಗಿದ್ದು.

ನಾವು ಹೊರಡುವಾಗ ಅತ್ತೆ ಬೇರೆ ಸೀರೆ ಉಟ್ಟು ಚೀಲ ಹಿಡಿದು ನಮ್ಮ ಜೊತೆ ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟರು. ತಮ್ಮ ರಕ್ತವನ್ನೂ ನೋಡಿಸಬೇಕಂತೆ. ಬಸ್ಸಿನಲ್ಲಿ ರುದ್ರೇಶ, ತಾನೇ ಹೇಳಬೇಕಿತ್ತು ಎಂದ. ಹೌದು ಎಂದೆ. ಸಮಾಧಾನ ಮಾಡಲು ಹೋಗಲಿಲ್ಲ.

ಹಿಂದೂಪುರದಿಂದ ಟ್ರೇನಿನಲ್ಲಿ ಅತ್ತೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಕೆಲವು ವಾರ ಬಿಟ್ಟು ಇಬ್ಬರೂ ಮತ್ತೆ ಹೋದಾಗ ಅವರ ರಿಪೋರ್ಟೂ ನಾರ್ಮಲ್ ಬಂದಿತ್ತು. ಹಾಗಾದರೆ ಇದು ಬಹುಶಃ ಮಾವನ ಕಡೆಯಿಂದ ಬಂದದ್ದು ಎಂದರು ಡಾಕ್ಟರ್.

"ಅಂದ್ರೆ... ನಂದಲ್ವಾ?" ಎಂದು ಅತ್ತೆ ನನ್ನನ್ನು ಕೇಳಿದರು.

ಅಲ್ಲ ಎಂದೆ. ವಾಪಸ್ ಹಿಂದೂಪುರ ಬರುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಮಾವನ ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದನ್ನು ಪಾರ್ವತತ್ತೆಗೆ ತಿಳಿಸಿದ್ದೇನೆ. ಅವರ ನರ ತುಂಬಾ ಸಣ್ಣವಂತೆ, ಸೂಜಿಗೆ ಸಿಗುವುದಿಲ್ಲವಂತೆ.

ನಮಗೆ ಮಗು ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಮತ್ತೊಮ್ಮೆ ನೋಡೋಣ ಎಂದುಕೊಂಡಿದ್ದೇವೆ. ಈ ಸಲ ಏನೇ ಆದರೂ, ಹಜಾರದಲ್ಲಿ ಮಾತಾಡುವವನು ರುದ್ರೇಶನೇ. ಹಾಗಂತ ಅವನೇ ಒಪ್ಪಿದ್ದಾನೆ, ನೋಡಬೇಕು.

ನೀವು ಹುಟ್ಟುವ ಮುಂಚೆ ನಿಮ್ಮ ತಾಯಿ ಎಷ್ಟು ಕಳೆದುಕೊಂಡಿದ್ದರು, ಯಾವತ್ತಾದರೂ ಕೇಳಿದ್ದೀರಾ?