ಕೋಟೇಶ್ವರಮ್ಮನವರ ಓಟು

ಕೋಟೇಶ್ವರಮ್ಮನವರಿಗೆ ಓದು ಬರುತ್ತಿರಲಿಲ್ಲ. ಆದರೆ ಓಣಿಯಲ್ಲಿ ಯಾರ ಮನೆಯ ಒಗ್ಗರಣೆ ಸೀದಿದೆ ಎಂಬುದು ಜಗಲಿಯ ಮೇಲೆ ಕೂತಲ್ಲೇ ಅವರಿಗೆ ತಿಳಿಯುತ್ತಿತ್ತು. ವಿಜಯವಾಡದಲ್ಲಿ ಏಲೂರು ಕಾಲುವೆಯ ಪಕ್ಕದ ಓಣಿಯಲ್ಲಿ ಅವರದು ಎರಡಂತಸ್ತಿನ ಹಳೆಯ ಮನೆ. ೧೯೮೭ರಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ತಿಪಟೂರಿನಿಂದ ಬಂದ ಅಶ್ವತ್ಥ ಮತ್ತು ಅವನ ಹೆಂಡತಿ ಮಂಗಳಾಗೌರಿ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದರು. ತಿಂಗಳು ಕಳೆಯುವುದರೊಳಗೆ ಮಂಗಳಾಗೌರಿ ದಿನದ ಅರ್ಧ ಹೊತ್ತು ಕೆಳಗಿನ ಅಡುಗೆಮನೆಯಲ್ಲೇ ಇರತೊಡಗಿದಳು. ಮಕ್ಕಳಿಲ್ಲದ ಅವಳಿಗೆ ಹೊತ್ತು ಹೋಗಬೇಕಿತ್ತು. ವಿಧವೆಯಾದ ಕೋಟೇಶ್ವರಮ್ಮನವರಿಗೆ ಮಾತು ಬೇಕಿತ್ತು.

"ನೀವು ಸಾರಿಗೂ ಬೆಲ್ಲ ಹಾಕ್ತೀರಿ ಗೌರಮ್ಮಾ, ಅದಕ್ಕೇ ನಿಮಗೆ ಜಗಳ ಆಡೋಕೆ ಬರಲ್ಲ" ಎಂದು ಅವರು ಛೇಡಿಸುತ್ತಿದ್ದರು.

"ನೀವು ಬರೀ ಆವಕಾಯಿ ಉಪ್ಪಿನಕಾಯಿ ಕಲಸ್ಕೊಂಡು ಒಂದು ತಟ್ಟೆ ಅನ್ನ ಉಣ್ತೀರಿ, ಅದಕ್ಕೇ ನಿಮ್ಮೂರು ಹೀಗೆ" ಎಂದು ಅವಳು ತನಗೆ ಬಂದಷ್ಟು ತೆಲುಗಿನಲ್ಲಿ ಹೇಳುತ್ತಿದ್ದಳು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಕೋಟೇಶ್ವರಮ್ಮನವರಿಗೆ ಇಬ್ಬರು ಮಕ್ಕಳು. ಮಗ ಸೂರ್ಯಪ್ರಕಾಶ ಆಟೋನಗರದಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಹೆಂಡತಿಯೊಂದಿಗೆ ತಾಯಿಯ ಜೊತೆಯಲ್ಲೇ ಇದ್ದ. ಮಗಳು ಸೀತಾಮಹಾಲಕ್ಷ್ಮಿ ತಾನೇ ಮೆಚ್ಚಿ ಮದುವೆಯಾದವಳು. ಗಂಡ ಕಾಮೇಶ್ವರ ಬೇರೆ ಜಾತಿಯವನು, ಕಾಲುವೆಯ ಆಚೆ ಸಣ್ಣದೊಂದು ಮುದ್ರಣಾಲಯ ನಡೆಸುತ್ತಿದ್ದ. ಮೊದಮೊದಲು ಮುಖ ಗಂಟಿಕ್ಕಿದ್ದ ಸೂರ್ಯಪ್ರಕಾಶನೂ ಕೊನೆಗೆ ಒಪ್ಪಿಕೊಂಡಿದ್ದ. ಪ್ರತಿ ಶುಕ್ರವಾರ ಸೀತಾಮಹಾಲಕ್ಷ್ಮಿ ಸೇತುವೆ ದಾಟಿ ಬಂದು ತಾಯಿಯ ತಲೆಗೆ ಎಣ್ಣೆ ಹಚ್ಚಿ, ಊಟ ಮಾಡಿಕೊಂಡು ಹೋಗುತ್ತಿದ್ದಳು.

೧೯೮೮ರ ಡಿಸೆಂಬರಿನಲ್ಲಿ ನಾಯಕನೊಬ್ಬನ ಕೊಲೆಯಾಗಿ, ಜಾತಿ ಜಾತಿಗಳ ನಡುವೆ ಗಲಭೆ ಹತ್ತಿಕೊಂಡು ಊರು ಎರಡಾಯಿತು. ಕರ್ಫ್ಯೂ ತೆಗೆದ ಮೇಲೆ ನೋಡಿದರೆ ಕಾಮೇಶ್ವರನ ಮುದ್ರಣಾಲಯದಲ್ಲಿ ಕರಗಿದ ಅಚ್ಚುಮೊಳೆಗಳ ಮುದ್ದೆಯಷ್ಟೇ ಉಳಿದಿತ್ತು. ಬೆಂಕಿಯಿಟ್ಟ ಗುಂಪಿನಲ್ಲಿ ಸೂರ್ಯಪ್ರಕಾಶನೂ ಇದ್ದ ಎಂದು ಯಾರೋ ಹೇಳಿದರು. ಇರಲಿಲ್ಲ ಎಂದು ಸೂರ್ಯಪ್ರಕಾಶ ಹೇಳಿದ. ಆ ಶುಕ್ರವಾರದಿಂದ ಸೀತಾಮಹಾಲಕ್ಷ್ಮಿ ಬರಲಿಲ್ಲ. ಇಪ್ಪತ್ತು ನಿಮಿಷದ ದಾರಿ ಅದು. ಈ ಕಡೆಯವರು ಆ ಕಡೆಗೆ, ಆ ಕಡೆಯವರು ಈ ಕಡೆಗೆ ಕಾಲಿಡುವಂತಿರಲಿಲ್ಲ.

ಆಗ ಬಂದವರು ರಾಮಮೋಹನ್ ಮಾಸ್ಟಾರು. ಒರಿಸ್ಸಾ ಗಡಿಯ ಇಚ್ಛಾಪುರದವರು, ನಿವೃತ್ತ ಹೆಡ್‌ಮಾಸ್ಟರು. ಗಲಭೆಯಲ್ಲಿ ನೊಂದವರಿಗೆ ಬಟ್ಟೆ, ಪಾತ್ರೆ ಹಂಚುವ ತಂಡದ ಜೊತೆ ಬಂದಿದ್ದರು. ತಂಡ ಹೊರಟು ಹೋದ ಮೇಲೂ ಒಂದು ಕೋಣೆ ಹಿಡಿದು ಉಳಿದರು. ಅವರ ಜಾತಿ ಯಾವುದೆಂದು ಎರಡೂ ಕಡೆಯವರಿಗೆ ಗೊತ್ತಾಗಲಿಲ್ಲ. ಕೇಳಿದರೆ "ಲೆಕ್ಕದ ಮೇಷ್ಟ್ರು" ಎನ್ನುತ್ತಿದ್ದರು. ಬಿಳಿ ಛತ್ರಿ ಹಿಡಿದು ದಿನಕ್ಕೆ ನಾಲ್ಕು ಸಲ ಸೇತುವೆ ದಾಟುತ್ತಿದ್ದರು.

ಒಂದು ದಿನ ಕೋಟೇಶ್ವರಮ್ಮನವರು ಅವರನ್ನು ಜಗಲಿಗೆ ಕರೆದು, ಉದ್ದಿನುಂಡೆ ಕಟ್ಟಿಕೊಟ್ಟು, ಮಗಳ ಮನೆಯ ಗುರುತು ಹೇಳಿದರು. ಮಾಸ್ಟಾರು ಸಂಜೆಗೆ ಮರಳಿ ಬಂದರು.

"ಕೊಟ್ಟೆನಮ್ಮಾ. ನನ್ನ ಎದುರಿಗೇ ಒಂದು ತಿಂದಳು."

"ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ."

"ಹಾಗಲ್ಲ. ಏನು ಉಟ್ಟಿದ್ದಳು? ತಲೆ ಬಾಚಿಕೊಂಡಿದ್ದಳಾ?"

ಮಾಸ್ಟಾರು ಸ್ವಲ್ಪ ಯೋಚಿಸಿ ಹೇಳಿದರು: "ಹಸಿರು ಸೀರೆ. ತಲೆ ಒದ್ದೆಯಿತ್ತು. ಬಲಗೈಗೆ ಎಣ್ಣೆ ಸಿಡಿದ ಕಲೆ ಇತ್ತು, ಒಣಗಿದೆ."

ಅಂದಿನಿಂದ ವಾರಕ್ಕೊಮ್ಮೆ ಅವರು ಹೋಗಿಬಂದು ಹೀಗೇ ವರದಿ ಒಪ್ಪಿಸುತ್ತಿದ್ದರು. ಮರುವರ್ಷದ ಕಾರ್ತಿಕ ಬರುವ ಹೊತ್ತಿಗೆ, ಮಗಳಿಗೆ ಐದು ತಿಂಗಳೆಂಬ ಸುದ್ದಿಯನ್ನೂ ಅವರೇ ತಂದರು. ಕೋಟೇಶ್ವರಮ್ಮನವರು ಹಿತ್ತಿಲ ಕಡೆಯ ಕೋಣೆಗೆ ಸುಣ್ಣ ಬಳಿಸಿದರು. ಮೊದಲ ಹೆರಿಗೆ ತವರಲ್ಲಿ ಆಗಬೇಕು. ಅವಳು ಈ ಹೊಸ್ತಿಲು ದಾಟಿ ಬರಬೇಕು. ಅವರಿಗೆ ಲೋಕದಲ್ಲಿ ಬೇಕಾಗಿದ್ದುದು ಅದೊಂದೇ.

ಅಷ್ಟರಲ್ಲಿ ಚುನಾವಣೆ ಬಂತು, ಹೈದರಾಬಾದಿನ ವಿಧಾನಸಭೆಗೂ ದಿಲ್ಲಿಯ ಲೋಕಸಭೆಗೂ ಒಟ್ಟಿಗೇ. ಓಣಿಯವರದು ಒಂದು ಪಕ್ಷ, ಕಾಲುವೆಯಾಚೆಯವರದು ಇನ್ನೊಂದು. ನಡುವೆ, ಎರಡೂ ದಡದ ಕೆಲವರು ಒತ್ತಾಯ ಮಾಡಿ ಮಾಸ್ಟಾರನ್ನು ದಿಲ್ಲಿಯ ಸೀಟಿಗೆ ಪಕ್ಷೇತರರಾಗಿ ನಿಲ್ಲಿಸಿದರು. ಗುರುತು ಏಣಿ.

ಅಶ್ವತ್ಥ ನಕ್ಕುಬಿಟ್ಟ. "ಊರಿನವರಲ್ಲ, ಪಕ್ಷ ಇಲ್ಲ, ಜೀಪಿಲ್ಲ. ಯಾರು ಹಾಕ್ತಾರೆ ಅವರಿಗೆ?"

ಹಾಕುವವರು ಯಾರೆಂಬುದು ಮಂಗಳಾಗೌರಿಗೆ ನಲ್ಲಿಯ ಬಳಿ ತಿಳಿಯುತ್ತಿತ್ತು. "ನಮ್ಮೋನು ಗೆದ್ದರೆ ಅವರಿಗೆ ಬೆಂಕಿ, ಅವರೋನು ಗೆದ್ದರೆ ನಮಗೆ ಬೆಂಕಿ. ಈ ಮುದುಕ ಗೆದ್ದರೆ ಪಟಾಕಿ ಹೊಡೆಯೋಕೂ ಯಾರಿಗೂ ಮನಸ್ಸು ಬರಲ್ಲ. ನೆಮ್ಮದಿಯಾಗಿ ಮಲಗಬಹುದು" ಎಂದಳು ಇಸ್ತ್ರಿಯವನ ಹೆಂಡತಿ. ಕೋಟೇಶ್ವರಮ್ಮನವರ ಕಾರಣ ಇನ್ನೂ ಚಿಕ್ಕದು. "ನನ್ನ ಮಗಳನ್ನ ಕಣ್ಣಾರೆ ನೋಡಿ ಬಂದು ಹೇಳಿದವರು ಅವರೊಬ್ಬರೇ. ಅವರು ಗೆದ್ದರೆ ಸೇತುವೆ ಮೇಲೆ ಕೈಹಿಡಿದು ಕರ್ಕೊಂಡು ಬರ್ತಾರೆ. ಎಂಪಿಯನ್ನ ಯಾರು ತಡೀತಾರೆ?"

ಮತದಾನದ ಹಿಂದಿನ ದಿನ ಅಶ್ವತ್ಥ ಚುನಾವಣೆ ಕೆಲಸದ ಮೇಲೆ ಇಬ್ರಾಹಿಂಪಟ್ನಂ ಕಡೆಗೆ ಹೋದ. ಮಂಗಳಾಗೌರಿ ಸಂಜೆ ಕೆಳಗಿಳಿದು ಬಂದಳು. ಆಗಷ್ಟೇ ಕಾರ್ತಿಕದ ದೀಪ ಹಚ್ಚಿ ಕೂತಿದ್ದ ಕೋಟೇಶ್ವರಮ್ಮನವರಿಗೆ ಒಂದೇ ಚಿಂತೆ: ಚೀಟಿಯಲ್ಲಿ ಇಪ್ಪತ್ತು ಗುರುತುಗಳಿದ್ದರೆ ತಮ್ಮದನ್ನು ಹುಡುಕುವುದು ಹೇಗೆ? ಮಂಗಳಾಗೌರಿ ರಂಗೋಲಿಯ ಬಟ್ಟಲು ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ದೋಣಿ, ತಕ್ಕಡಿ, ಏಣಿ ಬಿಡಿಸಿದಳು. ಕೋಟೇಶ್ವರಮ್ಮನವರು ಬೆರಳಿಗೆ ಕುಂಕುಮ ಹಚ್ಚಿಕೊಂಡು ಏಣಿಯ ಪಕ್ಕದಲ್ಲಿ ಒತ್ತಿದರು. ಸರಿಯಾಗಿ ಒತ್ತಿದರು. ಮಗುವಿನ ಹಾಗೆ ಇನ್ನೊಮ್ಮೆ ಒತ್ತಿದರು.

ಮಂಗಳಾಗೌರಿ ಒರೆಸಲು ಒದ್ದೆ ಬಟ್ಟೆ ತಂದಳು. ಅವರು ತಡೆದರು. "ದೀಪ ಇಟ್ಟಾಯ್ತು. ಈಗ ನೆಲ ಒರೆಸಿದರೆ ಲಕ್ಷ್ಮಿ ಹೊರಗೆ ಹೋಗ್ತಾಳೆ. ಬೆಳಿಗ್ಗೆ ನೋಡ್ಕೊಳ್ಳೋಣ." ದೀಪ ಹಚ್ಚಿದ ಮೇಲೆ ಕಸ ಹೊರಹಾಕದ ಮನೆಯಲ್ಲೇ ಬೆಳೆದ ಮಂಗಳಾಗೌರಿಗೂ ಅದು ಸರಿಯೆನಿಸಿತು. ಬಟ್ಟೆಯನ್ನು ಮೂಲೆಗಿಟ್ಟಳು.

ಸ್ವಲ್ಪ ಹೊತ್ತಿಗೆ ಸೂರ್ಯಪ್ರಕಾಶ ಊಟಕ್ಕೆಂದು ಒಳಗೆ ಬಂದ. ಬಾಗಿಲಲ್ಲೇ ನಿಂತ.

"ಇದೇನಮ್ಮಾ?"

"ಏಣಿ."

"ಯಾರದ್ದು ಅಂತ ಗೊತ್ತಾ?"

"ಗೊತ್ತು ಕಣೋ."

ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ. "ನಾಳೆ ಬೂತಿನಲ್ಲಿ ನಮ್ಮ ಪಕ್ಷದ ಏಜೆಂಟಾಗಿ ಕೂರೋನು ನಾನು. ಮನೆಯ ಮೂರು ಓಟೂ ನಮ್ಮವು ಅಂತ ಹೇಳಿ ಬಂದಿದೀನಿ."

"ಎರಡು ಚೀಟಿ ಕೊಡ್ತಾರಂತೆ. ಹೈದರಾಬಾದಿನದು ನಿನಗೆ. ದಿಲ್ಲಿದು ಸೀತೆಗೆ."

"ಸೀತೆ ನಿಂತಿದ್ದಾಳಾ ಚುನಾವಣೆಗೆ?"

"ನಿನ್ನೋರು ಗೆದ್ದರೆ ಅವಳ ಗಂಡ ಅವಳನ್ನ ಕಳಿಸಲ್ಲ. ಅವನೋರು ಗೆದ್ದರೆ ನೀನು ಬಾಗಿಲು ತೆಗೆಯಲ್ಲ. ಆ ಮಾಸ್ಟಾರು ಇಬ್ಬರಿಗೂ ಏನೂ ಆಗಬೇಕಿಲ್ಲ."

"ನಮ್ಮೋರಲ್ಲ ಅಮ್ಮಾ ಆತ."

"ಅದಕ್ಕೇ."

ಸೂರ್ಯಪ್ರಕಾಶ ಮಂಗಳಾಗೌರಿಯ ಕಡೆ ತಿರುಗಿದ. ದನಿ ಏರಿಸಲಿಲ್ಲ. "ನೀವು ಬಿಡಿಸಿದ್ದಾ ಗೌರಮ್ಮಗಾರೂ? ನಿಮಗೇನು, ಆರ್ಡರ್ ಬಂದರೆ ಬೇರೆ ಊರು. ಇಲ್ಲಿ ಇರಬೇಕಾದೋರು ನಾವು." ಅವನು ಉಣ್ಣದೆ ಎದ್ದು ಹೋದ.

ಮರುದಿನ ಬೂತಿನಲ್ಲಿ ಗುಮಾಸ್ತ ಕೋಟೇಶ್ವರಮ್ಮನವರ ಹೆಸರನ್ನು ಗಟ್ಟಿಯಾಗಿ ಓದಿದಾಗ, ಏಜೆಂಟರ ಬೆಂಚಿನ ಮೇಲಿದ್ದ ಮಗ ತನ್ನ ಪಟ್ಟಿಯಲ್ಲಿ ಗೆರೆ ಎಳೆದನಷ್ಟೆ, ತಲೆಯೆತ್ತಲಿಲ್ಲ. ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಪಟಮಟದಲ್ಲಿ ಬೇರೆ ಮನೆ ಮಾಡಿದ.

ಮಾಸ್ಟಾರಿಗೆ ಠೇವಣಿಯೂ ಉಳಿಯಲಿಲ್ಲ. ಎಣಿಕೆಯಾದ ಮೇಲೆ ಸೋತ ಪಕ್ಷದವರು, ತಮ್ಮ ಓಟು ಒಡೆದವನು ಅವನೇ ಎಂದರು. ಗೆದ್ದವರು, ತಮ್ಮ ಅಂತರ ಕಡಿಮೆ ಮಾಡಿದವನು ಅವನೇ ಎಂದರು. ಒಂದು ವರ್ಷದಲ್ಲಿ ಎರಡೂ ದಡ ಒಪ್ಪಿಕೊಂಡ ಮಾತು ಅದೊಂದೇ. ಸೇತುವೆಯ ಮೇಲೆ ಹುಡುಗರು ಅವರ ಛತ್ರಿ ಕಿತ್ತು ಕಾಲುವೆಗೆ ಎಸೆದರಂತೆ. ಯಾವ ಕಡೆಯ ಹುಡುಗರು ಎಂಬುದನ್ನು ಅವರು ಹೇಳಲಿಲ್ಲ. ಡಿಸೆಂಬರ್ ಮುಗಿಯುವ ಮೊದಲೇ ಇಚ್ಛಾಪುರಕ್ಕೆ ಹೊರಟುಹೋದರು.

ಸೇತುವೆ ದಾಟಬಲ್ಲವರು ಇನ್ನೊಬ್ಬರಿದ್ದರು. ಮಂಗಳಾಗೌರಿಗೂ ಅಲ್ಲಿ ಜಾತಿಯಿರಲಿಲ್ಲ, ಪಕ್ಷವಿರಲಿಲ್ಲ. ಯಾರೂ ಅವಳನ್ನು ತಡೆಯುತ್ತಿರಲಿಲ್ಲ. ಕೋಟೇಶ್ವರಮ್ಮನವರು ಬಾಯಿಬಿಟ್ಟು ಕೇಳಲಿಲ್ಲ, ಪ್ರತಿ ಶುಕ್ರವಾರ ಅವಳ ಮುಖ ನೋಡುತ್ತಿದ್ದರು. "ನಾವು ಮೂರು ವರ್ಷಕ್ಕೆ ಅಂತ ಬಂದೋರು. ಆಗಿರೋದು ಸಾಲದಾ?" ಎಂದಿದ್ದ ಅಶ್ವತ್ಥ. ಅವಳಿಗೂ ಭಯವಿತ್ತು. ಜನವರಿ ಹೋಯಿತು. ಫೆಬ್ರವರಿಯ ಕೊನೆಯಲ್ಲಿ, ದೇವರ ಮುಂದೆ ಕೂತರೆ ಜಪದಲ್ಲಿ ಮನಸ್ಸು ನಿಲ್ಲದಂತಾದಾಗ, ಗಂಡನಿಗೆ ಹೇಳದೆ ಹೊರಟಳು. ಸೀತಾಮಹಾಲಕ್ಷ್ಮಿಯ ಮನೆಗೆ ಬೀಗ ಬಿದ್ದಿತ್ತು. "ಹತ್ತು ದಿನ ಆಯ್ತು. ವಿಶಾಖಪಟ್ಟಣದ ಕಡೆ ಕೆಲಸ ಸಿಕ್ತಂತೆ. ವಿಳಾಸ ಯಾರಿಗೂ ಕೊಟ್ಟಿಲ್ಲ" ಎಂದಳು ಪಕ್ಕದವಳು.

ಮಂಗಳಾಗೌರಿ ಬಂದು ಇದ್ದುದನ್ನು ಇದ್ದ ಹಾಗೇ ಹೇಳಿದಳು. ಕೋಟೇಶ್ವರಮ್ಮನವರು ಬೈಯಲಿಲ್ಲ. "ದಿನ ತುಂಬ್ತಾ ಬಂದಿರೋಳು, ರೈಲಿನಲ್ಲಿ ಕೂರೋಕೆ ಜಾಗ ಸಿಕ್ತೋ ಇಲ್ಲವೋ" ಎಂದರಷ್ಟೆ.

ಆ ಆಗಸ್ಟಿನಲ್ಲಿ ಮೂರು ದಿನದ ಜ್ವರದಲ್ಲಿ ಅವರು ತೀರಿಕೊಂಡರು. ಕರ್ಮಗಳನ್ನೆಲ್ಲ ಸೂರ್ಯಪ್ರಕಾಶ ಮಾಡಿದ. ಹನ್ನೊಂದನೆಯ ದಿನ ಮಹಡಿಯ ಮೆಟ್ಟಿಲ ಮೇಲೆ ಕೂತು ಮಂಗಳಾಗೌರಿಗೆ ಹೇಳಿದ: "ಆ ದಿನ ಬೆಂಕಿ ಇಟ್ಟೋರ ಜೊತೆ ನಾನಿರಲಿಲ್ಲ ಗೌರಮ್ಮಗಾರೂ. ಅಮ್ಮ ಒಂದು ಸಲ ಕೇಳಿದ್ದರೆ ದೇವರ ಮೇಲೆ ಆಣೆ ಇಟ್ಟು ಹೇಳ್ತಿದ್ದೆ. ಕೇಳಲೇ ಇಲ್ಲ." ಕೇಳಿ, ಬೇರೆ ಉತ್ತರ ಬಂದರೆ ಏನು ಗತಿ ಎಂದು ಆಕೆ ಹೆದರಿದ್ದರೇನೋ ಎಂದು ಮಂಗಳಾಗೌರಿಗೆ ಅನಿಸಿತು.

ಮರುವರ್ಷ ಅಶ್ವತ್ಥನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಾರ್ಗಶಿರದ ಒಂದು ಗುರುವಾರ ಬುರುಜುಪೇಟೆಯ ಕನಕಮಹಾಲಕ್ಷ್ಮಿ ಗುಡಿಯ ಸಾಲಿನಲ್ಲಿ ಮಂಗಳಾಗೌರಿ ನಿಂತಿದ್ದಾಗ, ಮುಂದಿದ್ದವಳು ಮಗುವನ್ನು ಸೊಂಟ ಬದಲಿಸಿಕೊಂಡು ಹಿಂದೆ ನೋಡಿದಳು. ಸೀತಾಮಹಾಲಕ್ಷ್ಮಿ.

"ಗೌರಮ್ಮಗಾರೂ, ನೀವಾ?" ಅವಳ ಕಣ್ಣು ತುಂಬಿತು. "ಅಮ್ಮ ಹೇಗಿದ್ದಾಳೆ?"

ಗುಡಿಯ ಸಾಲು. ಇಲ್ಲಿ ಸಾವಿನ ಸುದ್ದಿ ಹೇಳುವುದು ಹೇಗೆ? ಅರಿಸಿನ, ಹಾಲು ಹಿಡಿದ ಕೈಗಳು ಹಿಂದಿನಿಂದ ನೂಕುತ್ತಿದ್ದವು. "ಮೊದಲು ದರ್ಶನ ಮಾಡು. ಮನೆಗೆ ಹೋಗಿ ಮಾತಾಡೋಣ" ಎಂದಳು ಮಂಗಳಾಗೌರಿ.

ಪೂರ್ಣಾ ಮಾರ್ಕೆಟ್ಟಿನ ಹಿಂದಿನ ತನ್ನ ಮನೆಯವರೆಗೂ ಸೀತಾಮಹಾಲಕ್ಷ್ಮಿಯೇ ಮಾತಾಡಿದಳು. ಮಗುವಿಗೆ ಅಮ್ಮನ ಹೆಸರನ್ನೇ ಇಟ್ಟಿದ್ದಾಳೆ. ಕಾಗದ ಬರೆಯುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಈಗ ಅವನ ಮನಸ್ಸು ಮೆತ್ತಗಾಗಿದೆ, ಸಂಕ್ರಾಂತಿಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ.

"ಮಾಸ್ಟಾರು ಬರೋದು ನಿಂತಾಗ ಅಮ್ಮನೇ ಕಳಿಸೋದು ಬಿಟ್ಟಳು ಅಂದ್ಕೊಂಡೆ. ಅವಳೂ ಅಣ್ಣನ ಪಕ್ಷಕ್ಕೇ ಹಾಕಿದಳು ಅಂತ ಇವರ ಕಡೆಯೋರು ಹೇಳಿದ್ರು. ನಾನು ನಂಬಿಬಿಟ್ಟೆ."

"ಇಲ್ಲಮ್ಮ. ಮಾಸ್ಟಾರಿಗೇ ಹಾಕಿದ್ದು. ಮಗನ ಎದುರಿಗೇ ಹೇಳಿ ಹಾಕಿದರು. ನೀನು ಬರ್ತೀಯ ಅಂತ."

ಸೀತಾಮಹಾಲಕ್ಷ್ಮಿ ನಡುದಾರಿಯಲ್ಲಿ ನಿಂತಳು. ಆಮೇಲೆ ನಕ್ಕಳು. ಬೇಗ ಬೇಗ ನಡೆದಳು. ಸಂಕ್ರಾಂತಿಗೆ ಇನ್ನು ಎಷ್ಟು ದಿನ ಎಂದು ಬೆರಳು ಮಡಿಸಿ ಎಣಿಸಿದಳು.

ಮನೆಯೊಳಗೆ ಹೋಗಿ ಮಗುವನ್ನು ಇಳಿಸಿದ ಮೇಲೆ ಮಂಗಳಾಗೌರಿ ಹೇಳಿದಳು. ತಿಂಗಳು ಹೇಳಿದಳು, ತಿಥಿ ಹೇಳಿದಳು, ಜ್ವರವೆಂದು ಹೇಳಿದಳು.

ಸೀತಾಮಹಾಲಕ್ಷ್ಮಿ ಅಳಲಿಲ್ಲ. ಮಗುವಿನ ಕಡೆ ನೋಡಿ ಕೇಳಿದಳು: "ಹೆಣ್ಣು ಅಂತ ಗೊತ್ತಿತ್ತಾ ಅವಳಿಗೆ?"

"ಇಲ್ಲಮ್ಮ. ಹೇಳೋರು ಯಾರೂ ಇರಲಿಲ್ಲ." ಮಂಗಳಾಗೌರಿ ಸೇರಿಸಿದಳು, "ನಾನು ಹೋಗಬಹುದಾಗಿತ್ತು. ತಡ ಮಾಡಿದೆ."

ಸುದ್ದಿ ಕಿವಿಗೆ ಬಿದ್ದ ಕೂಡಲೇ ಮಗಳು ತಲೆಗೆ ನೀರು ಹಾಕಿಕೊಳ್ಳಬೇಕು, ಎಷ್ಟು ತಿಂಗಳು ಕಳೆದಿದ್ದರೂ. ಸೀತಾಮಹಾಲಕ್ಷ್ಮಿ ಎದ್ದು, ಉಟ್ಟ ಸೀರೆಯಲ್ಲೇ ಹಿತ್ತಿಲ ಕಲ್ಲಿನ ಮೇಲೆ ಕುಳಿತಳು. ಅವಳ ಕೈಗಳು ಚೊಂಬು ಹಿಡಿಯಲಿಲ್ಲ. ಮಂಗಳಾಗೌರಿ ತೊಟ್ಟಿಯಿಂದ ಮೊಗೆದು ಅವಳ ನೆತ್ತಿಯ ಮೇಲೆ ಸುರಿದಳು. ಆಗ ಅಳು ಬಂತು. ಗೋಡೆಯಾಚೆಯಿಂದ ಪಕ್ಕದ ಮನೆಯವಳು, ಇವತ್ತು ನಲ್ಲಿ ಬಂದಿಲ್ಲ, ನಾಳೆಯೂ ಬರಲಿಕ್ಕಿಲ್ಲ, ನೀರು ನೋಡಿಕೊಂಡು ಖರ್ಚು ಮಾಡಿ ಎಂದು ಕೂಗಿ ಹೇಳಿದಳು. ಮಂಗಳಾಗೌರಿ ತೊಟ್ಟಿಯ ತಳ ಕಾಣುವವರೆಗೂ ಸುರಿಯುತ್ತಲೇ ಇದ್ದಳು.